ವಂಶದ ವಹಿ ಮತ್ತು ಕಡಲಾಚೆಯ ನೆಂಟರು

‘ನದೀಮೂಲ, ಋಷಿಮೂಲ ಕೇಳಬಾರದು’ ಎಂದು ನಮ್ಮಲ್ಲಿ ಒಂದು ಮಾತುಂಟು. ಮಾತು ಹಿರಿಯರದೇ. ಆದರೆ ಅದೇ ಹಿರಿಯರು, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೇರಿ ಗಂಟೆ ಬಾರಿಸುತ್ತ ಬರುವ ಹೆಳವರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು, ತಮ್ಮ ಮನೆತನದ ಮೂಲವನ್ನು ಕಿವಿತುಂಬ ಕೇಳಿ, ಕಾಳುಕಡಿ, ಬಟ್ಟೆಬರೆ ಕೊಟ್ಟು ಕಳಿಸುತ್ತಿದ್ದರು. ಋಷಿಯ ಮೂಲ ಕೇಳದಿದ್ದರೂ ನಡೆದೀತು. ಒಕ್ಕಲುತನದ ಮನೆಗೆ ತನ್ನ ಮೂಲ ಬೇಕು.

ವಾಚಕರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಯಲ್ಲಿ ಹಳೆಯ ಮನೆತನದ ಮುತ್ಯಾನನ್ನು ಮಾತಿಗೆಳೆದು ನೋಡಿರಿ. ಅಣ್ಣತಮ್ಮಂದಿರ ಹೆಸರು ಹೇಳುತ್ತ ಹೇಳುತ್ತ ಒಂದು ಕಡೆಗೆ ತಡೆದು, ‘ಅವ ಬರದಾಗ ಹ್ವಾದ, ಮತ್ತ ಬರಲಿಲ್ಲ’ ಎಂದು ಸುಮ್ಮನಾಗುತ್ತಾನೆ. 1876ರಿಂದ 1878ರ ವರೆಗಿನ ಭೀಕರ ಬರದಲ್ಲಿ ಊರು ಬಿಟ್ಟವರು, ಸೊಲ್ಲಾಪುರ ಮುಂಬಯಿಗಳ ಗಿರಣಿಗೆ ಹೋದವರು, ಗೋವೆಗೆ ದುಡಿಯಲು ಹೋಗಿ ಅಲ್ಲಿಯೇ ನಿಂತವರು, ಈಚೆಗೆ ಕಡಲು ದಾಟಿದವರು — ಹೀಗೆ ನಮ್ಮ ವಂಶವೃಕ್ಷಗಳಲ್ಲಿ ಮುರಿದ ಟೊಂಗೆಗಳು ಅನೇಕ. ಈ ಟೊಂಗೆಗಳನ್ನು ಮರಳಿ ಹುಡುಕಬಹುದೇ? ಹುಡುಕಿದರೆ ಅದಕ್ಕೆ ದಾರಿ ಯಾವುದು?

ಈ ಹುಡುಕಾಟವನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದವರಲ್ಲಿ ಜರ್ಮನರು ಮುಖ್ಯರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಲಕ್ಷಾಂತರ ಜನ ಅಮೇರಿಕೆಗೆ ಹೋದರು. ಹೋದವರ ಮೊಮ್ಮಕ್ಕಳು ಊರನ್ನು ಹುಡುಕಿದರು. ಉಳಿದವರ ಮೊಮ್ಮಕ್ಕಳು ನೆಂಟರನ್ನು ಹುಡುಕಿದರು. ಅವರಿಗೆ ನೆರವಾದದ್ದು ಹಳೆಯ ವಹಿಗಳು. ವುರ್ಟೆಂಬರ್ಗ್ ಎಂಬ ನಾಡಿನಲ್ಲಿ 1558ರಿಂದಲೇ ಇಗರ್ಜಿಯ ಪಾದ್ರಿಗಳು ಜನನದ ದೀಕ್ಷೆ, ಮದುವೆಗಳನ್ನು ಬರೆದಿಡಬೇಕೆಂಬ ಕಟ್ಟಳೆಯಿತ್ತು. 1808ರಿಂದ ಅಲ್ಲಿ ಕುಟುಂಬಕ್ಕೊಂದು ಪುಟದಂತೆ ತಂದೆ, ತಾಯಿ, ಮಕ್ಕಳನ್ನು ಒಟ್ಟಿಗೆ ಬರೆಯುವ ಪದ್ಧತಿ ಬಂದಿತು. ಊರು ಬಿಟ್ಟು ಹೋದ ಮಗನ ಹೆಸರಿನ ಮುಂದೆ ‘ಅಮೇರಿಕೆಗೆ ಹೋದನು’ ಎಂಬ ಒಂದು ಟಿಪ್ಪಣಿಯಿದ್ದರೆ ಸಾಕು, ನೂರು ವರ್ಷಗಳ ಬಳಿಕ ಅದೇ ದಾರಿದೀಪ. ಹ್ಯಾಂಬರ್ಗ್ ಬಂದರದಲ್ಲಿ 1850ರಿಂದ 1934ರ ವರೆಗೆ ಹಡಗು ಹತ್ತಿದವರ ಯಾದಿಗಳಿವೆ. ಅವುಗಳಲ್ಲಿ ಹೆಸರು, ವಯಸ್ಸು, ಕಸುಬು, ಹುಟ್ಟೂರು ಸಿಗುತ್ತವೆ. 1876ರಿಂದ ಜರ್ಮನಿಯ ಎಲ್ಲ ಕಡೆಗೂ ಸರಕಾರಿ ನೋಂದಣಿ ಕಚೇರಿಗಳಿವೆ. ಒಂದರಲ್ಲಿ ತಪ್ಪಿದ್ದು ಮತ್ತೊಂದರಲ್ಲಿ ದೊರೆಯುತ್ತದೆ.

‘ಜರ್ಮನಿಯ ವಹಿಗೂ ನಮಗೂ ಏನು ಸಂಬಂಧ?’ ಎಂದು ತಾವು ಕೇಳಬಹುದು. ಸಂಬಂಧವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಮಿಶನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ, 1885ರಲ್ಲಿ ನಮ್ಮ ವಿಜಾಪುರಕ್ಕೇ ಬಂದಿತು. ಸಂಸ್ಥೆ ಸ್ವಿಸ್ ಆದರೂ ಬಂದವರಲ್ಲಿ ಬಹುಮಂದಿ ವುರ್ಟೆಂಬರ್ಗಿನ ಜರ್ಮನರು. ಕನ್ನಡಿಗರ ಮನೆಮನೆಗೂ ಹೆಸರು ಗೊತ್ತಿರುವ ಕಿಟ್ಟೆಲ್ಲರು 1832ರಲ್ಲಿ ಉತ್ತರ ಜರ್ಮನಿಯ ಕಡಲತಡಿಯ ಒಂದು ಹಳ್ಳಿಯಲ್ಲಿ ಹುಟ್ಟಿ, 1853ರಲ್ಲಿ ನಮ್ಮ ನಾಡಿಗೆ ಬಂದು, 1894ರಲ್ಲಿ ಕನ್ನಡ ನಿಘಂಟನ್ನು ಹೊರತಂದು, 1903ರಲ್ಲಿ ತ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ನೊಬೆಲ್ ಪಾರಿತೋಷಕ ಪಡೆದ ಹೆರ್ಮನ್ ಹೆಸ್ಸೆಯ ತಂದೆ ಮಂಗಳೂರಿನಲ್ಲಿ ಮಿಶನರಿಯಾಗಿದ್ದವರು. ತಾಯಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ಮಿಶನರಿಗಳು ತಮ್ಮ ಎಳೆಯ ಮಕ್ಕಳನ್ನು ಓದಿಗೆಂದು ಬಾಸೆಲ್ಲಿಗೆ ಕಳಿಸಿ ತಾವು ಇಲ್ಲಿ ಉಳಿಯುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲ ಸರಕಾರವು ಜರ್ಮನ್ ಪ್ರಜೆಗಳನ್ನು ಅಹಮದನಗರದ ಶಿಬಿರದಲ್ಲಿಟ್ಟು, 1915-16ರಲ್ಲಿ ‘ಗೋಲ್ಕೊಂಡಾ’ ಎಂಬ ಹಡಗಿನಲ್ಲಿ ಅನೇಕರನ್ನು ಸ್ವದೇಶಕ್ಕೆ ಕಳಿಸಿತು. ಹೀಗೆ ಗೋರಿಗಳು ಇಲ್ಲಿ, ಮೊಮ್ಮಕ್ಕಳು ಅಲ್ಲಿ ಎಂಬಂತಾಯಿತು.

ಇಲ್ಲಿಂದ ಅಲ್ಲಿಗೆ ಹಬ್ಬಿದ ಬಳ್ಳಿಯೂ ಒಂದುಂಟು. 1825ರಲ್ಲಿ ಹುಟ್ಟಿದ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ ಕೌಂಡಿನ್ಯರು 1844ರಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ‘ಮಂಗಳೂರ ಸಮಾಚಾರ’ದ ಸಂಪಾದಕರಾದ ಮೋಗ್ಲಿಂಗರ ಜೊತೆಗೆ 1846ರಲ್ಲಿ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಮುಂದೆ ಜರ್ಮನ್ ಕನ್ಯೆ ಮಾರೀ ರೈನ್‌ಹಾರ್ಟಳನ್ನು ಮದುವೆಯಾದರು. 1893ರಲ್ಲಿ ತೀರಿಕೊಂಡರು. ಅವರ ಸಂತತಿಯ ಒಂದು ಕವಲು ಜರ್ಮನಿಯಲ್ಲಿ ಬೆಳೆಯಿತು. ಋಷಿಯ ಹೆಸರಿನ ಗೋತ್ರವೊಂದು ಜರ್ಮನ್ ಮನೆತನದ ಅಡ್ಡಹೆಸರಾಯಿತು!

ಈ ಹೆಸರಿನಿಂದಲೇ ನಾವು ಹುಡುಕುವ ಕ್ರಮವನ್ನು ಕಲಿಯಬಹುದು. 1936ರ ಬರ್ಲಿನ್ ಒಲಿಂಪಿಕ್ಕಿನಲ್ಲಿ ಚಿನ್ನ ಗೆದ್ದ ಜರ್ಮನ್ ಹ್ಯಾಂಡ್‌ಬಾಲ್ ತಂಡದ ಶಿಕ್ಷಕನ ಹೆಸರು ಒಟ್ಟೊ ಗ್ಯುಂಟರ್ ಕೌಂಡಿನ್ಯ. ಕನ್ನಡಿಗನಾದವನ ಕಿವಿ ಥಟ್ಟನೆ ನಿಮಿರುತ್ತದೆ. ಆದರೆ ವಂಶಶಾಸ್ತ್ರಜ್ಞನು ಹಾಗೆ ಹಿಗ್ಗುವುದಿಲ್ಲ. ಹೆಸರು ಸುಳಿವು, ಸಾಕ್ಷಿಯಲ್ಲ. ಅವನು ಮೊದಲು ಒಟ್ಟೊನ ಜನನದ ದಾಖಲೆ ತೆಗೆಯುತ್ತಾನೆ. ಅದರಿಂದ ತಂದೆಯ ಹೆಸರು, ತಂದೆಯ ಮದುವೆಯ ದಾಖಲೆ. ಅದರಿಂದ ಅಜ್ಜನ ಹೆಸರು. ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತ ಬರುತ್ತಾನೆ. ಮೇಲಿನಿಂದ ಜಿಗಿಯುವುದಿಲ್ಲ. ಇದಕ್ಕೆ ಬೇಕಾದ ಮಿಶನರಿಗಳ ಯಾದಿ, ಕುಟುಂಬಗಳ ದಾಖಲೆ, ಪತ್ರಗಳು, ಸಾವಿರಾರು ಚಿತ್ರಗಳು ಇಂದಿಗೂ ಬಾಸೆಲ್ಲಿನ ದಫ್ತರಖಾನೆಯಲ್ಲಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಮಿಶನ್ನಿನ ಹಳೆಯ ಕಾಗದಪತ್ರಗಳಿವೆ.

ಊರಿನ ಹೆಸರಿನಲ್ಲಿಯೂ ಇಷ್ಟೇ ಎಚ್ಚರಿಕೆ ಬೇಕು. ಜರ್ಮನಿಯಲ್ಲಿ ‘ನೊಯ್‌ಸ್ಟಾಟ್’, ಎಂದರೆ ಹೊಸಪೇಟೆ, ಎಂಬ ಊರುಗಳು ಹತ್ತಾರು. ನಮ್ಮಲ್ಲಿ ಬರಿಯ ‘ಬಾಗೇವಾಡಿ’ ಎಂದು ಬರೆದಿದ್ದರೆ ಅದು ಬಸವಣ್ಣನವರ ಬಾಗೇವಾಡಿಯೋ, ಬೆಳಗಾವಿಯ ಕಡೆಯ ಹಿರೇಬಾಗೇವಾಡಿಯೋ? ಜಿಲ್ಲೆಯ ಹೆಸರೂ ಬದಲಾಗಿದೆ. 1885ರ ಮುಂಚಿನ ಕಾಗದಪತ್ರಗಳಲ್ಲಿ ನಮ್ಮ ಸೀಮೆ ಕಲಾದಗಿ ಜಿಲ್ಲೆ, 1956ರ ವರೆಗೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ, 2014ರಿಂದ ವಿಜಯಪುರ. ಇದನ್ನರಿಯದೆ ಹುಡುಕಿದವನು, ಇರುವ ದಾಖಲೆಯನ್ನೂ ಇಲ್ಲವೆಂದು ಬಿಟ್ಟು ಬಂದಾನು.

ಲಿಪಿಯ ತೊಡಕು ಬೇರೆ. ಜರ್ಮನರ ಹಳೆಯ ಕೈಬರಹದ ಲಿಪಿಯನ್ನು 1941ರಲ್ಲಿ ಶಾಲೆಗಳಿಂದ ತೆಗೆದುಹಾಕಿದ್ದರಿಂದ ಇಂದಿನ ಜರ್ಮನ್ ಮೊಮ್ಮಗನಿಗೆ ಅಜ್ಜನ ಪತ್ರವನ್ನೇ ಓದಲು ಬಾರದು. ಅದನ್ನು ಕಲಿಸುವ ತರಗತಿಗಳಿಗೆ ಹೋಗಿ ಕಲಿಯುತ್ತಾನೆ. ನಮ್ಮ ವಾಡೆಗಳ ಗಡಂಚಿಯ ಮೇಲಿನ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಾಗದಗಳು ಇದೇ ಸ್ಥಿತಿಯಲ್ಲಿವೆ. ಓದಲು ಬಾರದೆಂದು ಅವನ್ನು ಒಲೆಗೆ ಹಾಕಬೇಡಿರಿ. ಓದಬಲ್ಲವರು ಇನ್ನೂ ಇದ್ದಾರೆ.

ಜರ್ಮನರಿಂದ ಕಲಿಯಬಾರದ ಪಾಠವೂ ಒಂದಿದೆ. 1933ರ ಬಳಿಕ ಹಿಟ್ಲರನ ಸರಕಾರವು ಇದೇ ಇಗರ್ಜಿಯ ವಹಿಗಳನ್ನು ತೆಗೆಸಿ, ನೌಕರಿಗೂ ಮದುವೆಗೂ ಅಜ್ಜ ಅಜ್ಜಿಯರ ರಕ್ತದ ಪ್ರಮಾಣಪತ್ರ ಕೇಳಿತು. ನೆಂಟರನ್ನು ಕೂಡಿಸಬೇಕಾದ ವಹಿ ನೆರೆಯವರನ್ನು ಹೊರದಬ್ಬುವ ಆಯುಧವಾಯಿತು. ಅನೇಕರಿಗೆ ಆ ಕಾಗದವೇ ಮರಣಶಾಸನವಾಯಿತು. ಯುದ್ಧ ಮುಗಿದಾಗ ಆ ದೇಶದಲ್ಲಿ ಕೋಟ್ಯಂತರ ಜನ ತಮ್ಮವರನ್ನು ಹುಡುಕುತ್ತಿದ್ದರು. ರೆಡ್‌ಕ್ರಾಸ್ ಸಂಸ್ಥೆಯು 1945ರಿಂದ ಕಳೆದವರ ಚೀಟಿಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ಜೋಡಿಸಿತು. ರೇಡಿಯೋದಲ್ಲಿ ಅವರ ಹೆಸರುಗಳನ್ನು ಓದಿದರು. ಕುಲದ ಹೆಮ್ಮೆಗಾಗಿ ಕೆಟ್ಟ ವಿದ್ಯೆಯನ್ನು ಕರುಳಿನ ಕರೆ ಮರಳಿ ಶುದ್ಧ ಮಾಡಿತು. ಜಾತಿ ಗೋತ್ರಗಳ ಹಮ್ಮು ಇನ್ನೂ ಅಳಿಯದ ನಾವು ಇದನ್ನು ಮರೆಯಬಾರದು. ಬಸವಣ್ಣನವರು ಹುಟ್ಟಿದ ನೆಲದಲ್ಲಿ ವಂಶಾವಳಿಯನ್ನು ಬರೆಯುವುದು ಮೇಲುಕೀಳಿನ ಏಣಿ ಹಾಕಲಿಕ್ಕಲ್ಲ, ಅಗಲಿದವರನ್ನು ಕೂಡಿಸಲಿಕ್ಕೆ.

ಇನ್ನು ನಮ್ಮ ಕರ್ತವ್ಯ. ಹೆಳವರ ವಿದ್ಯೆ ದೊಡ್ಡದು. ಪುಸ್ತಕದ ಭಾರ ಹೊತ್ತು ಊರೂರು ತಿರುಗಿ ತಲೆತಲಾಂತರದ ಹೆಸರು ಕಾಯ್ದವರು ಅವರು. ಆದರೆ ಅವರ ಸಾಲು ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಇಳಿಯುವ ಸಾಲು. ಕೊಟ್ಟ ಹೆಣ್ಣುಮಕ್ಕಳು ಎಲ್ಲಿ ಹೋದರು, ತಂದ ಸೊಸೆಯಂದಿರು ಎಲ್ಲಿಂದ ಬಂದರು? ಇಲ್ಲಿ ಜರ್ಮನರ ಒಂದು ಲೆಕ್ಕ ಉಪಯುಕ್ತ. ತಮಗೆ 1 ಎಂಬ ಅಂಕ. ತಂದೆಗೆ 2, ತಾಯಿಗೆ 3. ಯಾರ ಅಂಕವನ್ನು ಇಮ್ಮಡಿಸಿದರೂ ಅವರ ತಂದೆ. ಅದಕ್ಕೆ ಒಂದು ಕೂಡಿಸಿದರೆ ಅವರ ತಾಯಿ. ತಾಯಿಯ ತಂದೆ 6, ತಾಯಿಯ ತಾಯಿ 7. ಐದು ತಲೆಮಾರಿಗೆ 31 ಹೆಸರು. ಈ ಕೋಷ್ಟಕದಲ್ಲಿ ತವರುಮನೆಗೂ ಗಂಡನ ಮನೆಗೂ ಸಮನಾದ ಸ್ಥಾನ. ಅನೇಕ ಸಲ ಕಳೆದುಹೋದ ಗಂಡಸಿನ ಜಾಡು ಸಿಗುವುದು ಅವನ ಸೋದರಿಯ ಮನೆಯಲ್ಲಿಯೇ.

ಮನೆಯಲ್ಲಿ ಬರೆದದ್ದನ್ನು ಕಚೇರಿಯ ಕಾಗದದೊಡನೆ ತಾಳೆ ನೋಡಿರಿ. ಹೊಲದ ಉತಾರ, ವಾರಸಾ ನೋಂದು, ಶಾಲೆಯ ದಾಖಲಾತಿ ವಹಿ — ಇವೇ ನಮ್ಮ ಇಗರ್ಜಿ ಪುಸ್ತಕಗಳು. ಆದರೆ ಶಾಲೆಯ ವಹಿಯಲ್ಲಿ ಜೂನ್ 1 ಎಂದು ಕಂಡ ಹುಟ್ಟುದಿನವನ್ನು ನಂಬುವ ಮೊದಲು ಎರಡು ಸಲ ವಿಚಾರಿಸಿರಿ. ಹುಟ್ಟುದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಆ ದಿನವನ್ನೇ ಬರೆಯುವ ರೂಢಿ ಬಹುಕಾಲವಿತ್ತು. ಇಂಥದೇ ಮನೆತನದ ಹೆಸರನ್ನೂ ಬರೆಯುವವರು ಒಮ್ಮೆ ಊರಿನಿಂದ, ಒಮ್ಮೆ ಕಸುಬಿನಿಂದ ಬರೆದಿರುವುದುಂಟು.

ಈ ಕೆಲಸಕ್ಕೆ ಅವಸರ ಏಕೆಂದರೆ, ನಮ್ಮಲ್ಲಿ ಜನರಷ್ಟೇ ಅಲ್ಲ, ಊರುಗಳೂ ಕಳೆದುಹೋಗಿವೆ. 1964ರಲ್ಲಿ ಲಾಲ್‌ಬಹಾದ್ದೂರ ಶಾಸ್ತ್ರಿಯವರು ಆಗಿನ ಬಸವನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಮುಂದೆ ಕೃಷ್ಣೆಯ ನೀರು ನಿಂತಿತು, ಹೊಲಗಳಿಗೆ ಕಾಲುವೆ ಬಂದಿತು. ಆದರೆ ಹೊಳೆಸಾಲಿನ ಎಷ್ಟೋ ಹಳ್ಳಿಗಳು ನೀರೊಳಗೆ ಸರಿದವು. ಒಂದೇ ಓಣಿಯ ಮನೆಗಳು ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಗೆ, ಬೇರೆ ಪಟ್ಟಣಗಳಿಗೆ ಹಂಚಿಹೋದವು. ಹೆಳವರ ಎತ್ತು ಹಳೆಯ ಊರಿನ ದಾರಿಯನ್ನು ಬಲ್ಲದು. ಆ ಊರೇ ನೀರಿನ ತಳದಲ್ಲಿದ್ದರೆ ಅದು ಯಾರ ಅಂಗಳದಲ್ಲಿ ನಿಲ್ಲಬೇಕು? ಮುಳುಗಿದ ಊರಿನ ಹೆಸರು, ಓಣಿಯ ಹೆಸರು, ಮನೆದೇವರು, ನೆರೆಮನೆಯವರು, ಯಾರು ಎಲ್ಲಿಗೆ ಹೋದರು ಎಂಬುದು — ಬಲ್ಲವರು ಬದುಕಿರುವಾಗಲೇ ಬರೆಯಬೇಕು. ನೂರು ವರ್ಷಗಳ ಬಳಿಕ ಎಲ್ಲಿಯೋ ದೂರದೇಶದಲ್ಲಿ ಹುಟ್ಟಿದ ನಮ್ಮ ಮಗುವೊಂದು ತನ್ನ ಮೂಲ ಕೇಳಿಕೊಂಡು ಬಂದರೆ, ತೋರಿಸಲು ಊರಿಲ್ಲದಿದ್ದರೂ ಒಂದು ಪುಟವಾದರೂ ಇರಲಿ.

ಇದಕ್ಕೆ ಬಹಳ ಸಾಮಗ್ರಿ ಬೇಡ. ಎರಡು ನೂರು ಪುಟದ ಒಂದು ಗಟ್ಟಿ ರಟ್ಟಿನ ವಹಿ, ಅಳಿಸದ ಮಸಿ, ಮನೆಯ ಹಿರಿಯರ ಮುಂದೆ ಒಂದು ಸಂಜೆ. ಕೇಳಿದ್ದನ್ನು ಕೇಳಿದಂತೆ, ಯಾರಿಂದ ಕೇಳಿದಿರೆಂಬುದನ್ನೂ, ತಾರೀಖನ್ನೂ ಬರೆಯಿರಿ. ಊಹೆಯನ್ನು ಊಹೆಯೆಂದೇ ಬರೆಯಿರಿ. ಒಂದು ಪ್ರತಿಯನ್ನು ಕೊಟ್ಟ ಮಗಳ ಮನೆಯಲ್ಲಿಡಿರಿ. ಇಲ್ಲಿಯದು ಹಾಳಾದರೆ ಅಲ್ಲಿಯದು ಉಳಿದೀತು. ಈ ಸಲ ಹೆಳವರು ಬಂದಾಗ ಅವರ ಪುಸ್ತಕವನ್ನೂ ನಿಮ್ಮ ವಹಿಯನ್ನೂ ಎದುರುಬದುರು ಇಟ್ಟು ಓದಿಸಿರಿ. ಓದುವಾಗ ಮನೆಯ ಹೆಣ್ಣುಮಕ್ಕಳನ್ನೂ ಹತ್ತಿರ ಕೂಡಿಸಿರಿ. ತಪ್ಪಿದ ಹೆಸರುಗಳನ್ನು ಹೇಳುವವರು ಅವರೇ.