ಸಣ್ಣ ಪೇಟೆಯ ಪತ್ರಿಕೆ ನಿಂತರೆ ನಮ್ಮ ಲೈನಿಗೇನು?

(ತೋಟ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕೂಲಿಯ ವಿಷಯ, ಬೋನಸ್ಸಿನ ವಿಷಯ ಕೇಳಲು ನೀವು ಬಂದಿದ್ದೀರಿ. ಅದನ್ನು ಯೂನಿಯನ್ನಿನ ಕಾರ್ಯದರ್ಶಿಯವರು ಆಮೇಲೆ ತಿಳಿಸುತ್ತಾರೆ. ನಮಗೆ ಕೊಟ್ಟ ಹೊತ್ತಿನಲ್ಲಿ ನಾವು ಪತ್ರಿಕೆಯ ಮಾತು ಎತ್ತಿಕೊಂಡಿದ್ದೇವೆ. “ಪೇಪರು ಓದುವುದು ರೈಟರಿಗೂ ಮಾಸ್ತರಿಗೂ ಸೇರಿದ ಕೆಲಸ, ನಮಗೇಕೆ?” ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಒಳ್ಳೆಯ ಪ್ರಶ್ನೆ.

ನಾವು ಹೇಳುವುದು ದೊಡ್ಡ ಪತ್ರಿಕೆಗಳ ವಿಷಯವಲ್ಲ. ಇಪ್ಪತ್ತೈದು ಸಾವಿರ ಪ್ರತಿಗಳ ತನಕ ಮಾರುವ ಪತ್ರಿಕೆಯನ್ನು ಸರಕಾರ ‘ಸಣ್ಣ ಪತ್ರಿಕೆ’ ಎಂದು ಲೆಕ್ಕ ಹಾಕುತ್ತದೆ. ನಮಗೆ ಗೊತ್ತಿರುವ ಪತ್ರಿಕೆಗಳು ಅದಕ್ಕಿಂತ ಎಷ್ಟೋ ಸಣ್ಣವು. ನಾಲ್ಕು ಪುಟ. ಯಜಮಾನನೇ ಸಂಪಾದಕ, ಅವನೇ ಅಚ್ಚಿನ ತಪ್ಪು ತಿದ್ದುವವನು, ಕಟ್ಟು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋಗುವವನೂ ಅವನೇ. ಯಾವ ತೋಟದಲ್ಲಿ ಯಾರು ತೀರಿಕೊಂಡರು, ಮೆಣಸಿಗೆ ಪೇಟೆಯಲ್ಲಿ ಎಷ್ಟು ರೇಟು, ಆನೆ ಯಾವ ಲೈನಿನ ಬಾಳೆ ತಿಂದು ಹೋಯಿತು, ರೇಷನ್ ಕಾರ್ಡಿನ ಕ್ಯಾಂಪು ಎಂದು, ಇಂಥದೇ ವರ್ತಮಾನ. ಪಟ್ಟಣದವರು ನೋಡಿ ನಕ್ಕಾರು. ಆದರೆ ನಮ್ಮಂಥವರ ಹೆಸರು ಅಚ್ಚಾಗುವ ಜಾಗ ಅದೊಂದೇ ಇತ್ತು.

ಕನ್ನಡದ ಮೊದಲನೆಯ ಪತ್ರಿಕೆಯೂ ಹಾಗೆ ಸಣ್ಣದಾಗಿಯೇ ಹುಟ್ಟಿತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಲ್ಲಚ್ಚಿನಲ್ಲಿ ನಾಲ್ಕು ಪುಟ, ಹದಿನೈದು ದಿವಸಕ್ಕೊಮ್ಮೆ. ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಹೊರದೇಶದ ಸುದ್ದಿ ಎಲ್ಲವೂ ಅದರಲ್ಲಿ. ಮರುವರುಷ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಿಸಿತು, ಬಹಳ ಕಾಲ ಬಾಳಲಿಲ್ಲ. ಇದೇ ಮೋಗ್ಲಿಂಗರು 1850ರ ದಶಕದಲ್ಲಿ ಕೊಡಗಿಗೆ ಬಂದರು. ಒಡೆಯರ ಭೂಮಿಯಲ್ಲಿ ಜೀತ ಮಾಡುತ್ತಿದ್ದ ಹೊಲೆಯ ಜನರಿಗಾಗಿ ಆನಂದಪುರವೆಂಬ ಊರು ಕಟ್ಟಿ ಕಾಫಿ ನೆಡಿಸಿದರು. ಮೊದಲ ಕನ್ನಡ ಪತ್ರಿಕೆ ತಂದವರು ತೋಟದ ಕೂಲಿಯವರ ನಡುವೆ ಬಾಳಿದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಸಣ್ಣ ಪತ್ರಿಕೆ ಏನು ಮಾಡೀತು ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇವೆ. ಕೆಲವು ವರುಷಗಳ ಹಿಂದೆ ನಮ್ಮ ಕಡೆಯ ಒಂದು ತೋಟದಲ್ಲಿ ಲೈನಿನ ನೀರಿನ ಟ್ಯಾಂಕು ಬಿರಿಯಿತು. ಮೂರು ತಿಂಗಳು ಹೆಂಗಸರು ತೋಡಿನಿಂದ ಕೊಡ ಹೊತ್ತರು. ಮಕ್ಕಳಿಗೆ ಭೇದಿ ಹಿಡಿಯಿತು. ಆಫೀಸಿಗೆ ಮೂರು ಸಲ ಅರ್ಜಿ ಕೊಟ್ಟೆವು. “ನೋಡೋಣ” ಎಂಬುದೇ ಉತ್ತರ. ಆಗ ಗಡಿಯಾಚೆಯ ಪೇಟೆಯಿಂದ ಒಂದು ಕನ್ನಡ ವಾರಪತ್ರಿಕೆ ನಮ್ಮಲ್ಲಿಗೆ ಬರುತ್ತಿತ್ತು. ಕಾಗದ ಬರೆದೆವು. ಸಂಪಾದಕರು ತಾವೇ ಬಸ್ಸಿನಲ್ಲಿ ಬಂದರು. ಮನೆಗಳನ್ನು ಎಣಿಸಿದರು, ತೋಡಿನ ನೀರನ್ನು ಬಾಟ್ಲಿಯಲ್ಲಿ ತುಂಬಿಸಿಕೊಂಡರು, ಮೆನೇಜರರನ್ನೂ ಕಂಡು ಅವರ ಮಾತನ್ನೂ ಬರೆದುಕೊಂಡರು. ಮೂರನೆಯ ಪುಟದಲ್ಲಿ ಹನ್ನೊಂದು ಸಾಲು ಬಂತು. ಕುಡಿಯುವ ನೀರು ಒದಗಿಸುವುದು ಮಾಲಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳುತ್ತದೆಂಬುದನ್ನೂ ಸೇರಿಸಿದ್ದರು. ಆ ಪ್ರತಿಯನ್ನು ಅರ್ಜಿಗೆ ಸೇರಿಸಿ ಲೇಬರ್ ಇನ್‌ಸ್ಪೆಕ್ಟರರಿಗೆ ಕೊಟ್ಟೆವು. ಅವರಿಗೆ ಕನ್ನಡ ಬಾರದು. ನಮ್ಮವರು ಓದಿ ತಮಿಳಿನಲ್ಲಿ ಹೇಳಿದರು. ತಾರೀಕು ಇತ್ತು, ಸಂಪಾದಕರ ಹೆಸರಿತ್ತು. ಅವರು ಅದನ್ನು ಫೈಲಿಗೆ ಹಾಕಿಕೊಂಡರು. ಟ್ಯಾಂಕು ಆಯಿತು.

ಆ ಪತ್ರಿಕೆ ಈಗ ಇಲ್ಲ. ಅದರ ಅಚ್ಚುಕೂಟದಲ್ಲಿ ಮದುವೆ ಕಾರ್ಡು ಅಚ್ಚಾಗುತ್ತದೆ.

ಹೇಗೆ ನಿಂತಿತು? ಚಂದಾ ಹಣದಿಂದ ಯಾವ ಪತ್ರಿಕೆಯೂ ಪೂರ್ತಿ ನಡೆಯುವುದಿಲ್ಲ, ಜಾಹೀರಾತು ಬೇಕು. ಪೇಟೆಯ ಟಾಕೀಸು ಮುಚ್ಚಿತು. ಬಟ್ಟೆ ಅಂಗಡಿಯವರು ಫೋನಿನಲ್ಲೇ ಜಾಹೀರಾತು ಕಳಿಸಲು ಕಲಿತರು. ದೊಡ್ಡ ಪತ್ರಿಕೆಗಳು ಜಿಲ್ಲೆಗೊಂದು ಪುಟ ಮಾಡಿ ಕಡಿಮೆ ಬೆಲೆಗೆ ಕೊಟ್ಟವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬಸ್ಸೇ ಇಲ್ಲ, ಕಟ್ಟು ಬರುವುದು ಹೇಗೆ? 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದ ಮೇಲೆ ಪತ್ರಿಕೆಯ ಕಾಗದದ ಬೆಲೆ ಏರಿತು. ನಮ್ಮ ದೇಶಕ್ಕೆ ಆ ಕಾಗದದ ಬಹುಪಾಲು ಹೊರಗಿನಿಂದ ಬರಬೇಕು, ರಷ್ಯಾ ಅದನ್ನು ಕೊಡುವ ದೇಶಗಳಲ್ಲೊಂದು. ನಾವೂ ಚಂದಾ ಕೊಡುವುದನ್ನು ಮುಂದಕ್ಕೆ ಹಾಕುತ್ತ ಬಂದೆವಲ್ಲ, ಅದನ್ನೂ ಈ ಲೆಕ್ಕಕ್ಕೆ ಸೇರಿಸಿರಿ.

ದೊಡ್ಡ ಪತ್ರಿಕೆಯ ಜಿಲ್ಲಾ ಪುಟ ಸಾಲದೇ ಎಂದರೆ, ಆ ಪುಟ ರಾಜ್ಯದ ಗಡಿಗೆ ಬಂದು ನಿಲ್ಲುತ್ತದೆ. ಕನ್ನಡ ಪತ್ರಿಕೆಗೆ ನಾವು ತಮಿಳುನಾಡಿನವರು, ತಮಿಳು ಪತ್ರಿಕೆಗೆ ನಾವು ಕನ್ನಡದವರು. ವಯನಾಡಿನ ಕಡೆಯ ನಮ್ಮ ಬಂಧುಗಳ ಕಥೆಯೂ ಇದೇ, ಭಾಷೆ ಮಾತ್ರ ಮಲೆಯಾಳ. ಮೇಲಾಗಿ 2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ವಾಹನ ಬಿಡುವುದಿಲ್ಲ. ಕಾಡುಪ್ರಾಣಿಗಳಿಗೆ ಅದು ಒಳ್ಳೆಯದೇ, ದೂರುತ್ತಿಲ್ಲ. ಮೈಸೂರಿನ ಪತ್ರಿಕೆ ಗೇಟು ದಾಟಿ ನಮ್ಮಲ್ಲಿಗೆ ಬರುವಾಗ ಮಸ್ಟರ್ ಮುಗಿದು ನಾವು ಕೆಲಸದ ಕಾಡಿನಲ್ಲಿರುತ್ತೇವೆ.

ಇನ್ನು ಫೋನು. ಮಕ್ಕಳು ಹೇಳುತ್ತಾರೆ, ಎಲ್ಲ ವರ್ತಮಾನ ವಾಟ್ಸಾಪಿನಲ್ಲಿ ಬರುತ್ತದೆಂದು. ಬರುತ್ತದೆ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದು ಪಾಡಿಗಳು ಕೊಚ್ಚಿಹೋದಾಗ ನಮ್ಮ ಫೋನುಗಳಿಗೆ ಚಿತ್ರಗಳು ಸುರಿದವು. ಯಾವುದು ಅಲ್ಲಿಯದು, ಯಾವುದು ಎಲ್ಲಿಯದೋ ಎಂದು ತಿಳಿಯದೆ ಅಲ್ಲಿ ಬಂಧುಗಳಿದ್ದವರು ನಡುಗಿಹೋದರು. ಕಳಿಸಿದವರು ಯಾರೆಂದು ಕೇಳಿದರೆ, ಯಾರೋ ಕಳಿಸಿದ್ದನ್ನು ನಾನು ಕಳಿಸಿದೆ ಎನ್ನುತ್ತಾರೆ. 1867ರ ಪತ್ರಿಕಾ ಕಾಯಿದೆ ಬಂದಂದಿನಿಂದ ಪತ್ರಿಕೆಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಅಚ್ಚಾಗುತ್ತ ಬಂದಿದೆ. ತಪ್ಪು ಬರೆದರೆ ಹೋಗಿ ಕೇಳಲು ಒಂದು ಬಾಗಿಲಿತ್ತು.

ಈಗ ನಮಗೆ ಅಂಥ ಪತ್ರಿಕೆ ಹಿಂದೆಂದಿಗಿಂತ ಹೆಚ್ಚು ಬೇಕು. ನಾವು ನಂಬಿಕೊಂಡಿದ್ದ 1951ರ ಕಾಯಿದೆ 2020ರ ಹೊಸ ಸಂಹಿತೆಯೊಳಗೆ ಸೇರಿಹೋಯಿತು, 2025ರ ನವೆಂಬರ್ 21ರಿಂದ ಆ ಸಂಹಿತೆ ಜಾರಿಗೆ ಬಂದಿದೆ. ನೀರು, ಮನೆ, ಶಿಶುಗೃಹ, ಆಸ್ಪತ್ರೆ, ಇವುಗಳ ಮಾತು ಹೊಸದರಲ್ಲಿ ಎಲ್ಲಿದೆ, ಹೇಗಿದೆ ಎಂದು ನಮ್ಮ ಭಾಷೆಯಲ್ಲಿ, ನಮ್ಮ ಲೈನಿನ ಉದಾಹರಣೆ ಕೊಟ್ಟು, ಬಿಡಿಸಿ ಬರೆಯುವವರು ಯಾರು?

ಎಲ್ಲ ಕಡೆಯೂ ಕೈಬಿಟ್ಟಿಲ್ಲ. ಮಡಿಕೇರಿಯ ‘ಶಕ್ತಿ’ 1957ರಿಂದ ನಡೆದು ಬಂದಿದೆ. ಕಾಫಿ ಕುಯ್ಲಿಗೆ ಕೊಡಗಿಗೆ ಹೋಗಿ ಬಂದವರು ಅದನ್ನು ಅಲ್ಲಿಯ ಮನೆಗಳಲ್ಲಿ ಕಂಡಿರುತ್ತೀರಿ. ಊರವರು ತಮ್ಮದೆಂದು ಹಿಡಿದುಕೊಂಡಲ್ಲಿ ಪತ್ರಿಕೆ ಉಳಿಯುತ್ತದೆ.

ನಮಗೆ ಪತ್ರಿಕೆ ಹೊರಡಿಸುವ ಶಕ್ತಿಯಿಲ್ಲ. ಆದುದರಿಂದ ಕಮಿಟಿಯಲ್ಲಿ ಇಷ್ಟು ಮಾಡಿದ್ದೇವೆ. ಲೈನಿಗೊಂದು ನೋಟ್‌ಬುಕ್ಕು. ಆಯಾ ಲೈನಿನಲ್ಲಿ ಬರೆಯಬಲ್ಲ ಒಬ್ಬ ಹುಡುಗಿ ಅಥವಾ ಹುಡುಗ ವಾರದ ವರ್ತಮಾನವನ್ನು ತಾರೀಕು ಹಾಕಿ, ಹೇಳಿದವರ ಹೆಸರು ಕೇಳಿ ಬರೆಯಬೇಕು. ಕೇಳಿದ್ದು ಬೇರೆ, ಕಂಡದ್ದು ಬೇರೆ ಎಂದು ಗುರುತು ಮಾಡಬೇಕು. ಈ ನಮ್ಮ ಸಂಚಿಕೆಯವರು ಅದಕ್ಕಾಗಿ ಎರಡು ಪುಟ ಬಿಡಲು ಒಪ್ಪಿದ್ದಾರೆ. ಗಡಿಯಾಚೆ ಉಳಿದಿರುವ ಒಂದು ಸಣ್ಣ ಪತ್ರಿಕೆಗೆ ಎಲ್ಲ ಲೈನುಗಳೂ ಸೇರಿ ವರುಷದ ಚಂದಾ ಕಟ್ಟೋಣ, ಮನೆಗೆ ಹತ್ತು ರೂಪಾಯಿ ಸಾಕು.

ನೋಟ್‌ಬುಕ್ಕುಗಳು ಬಾಗಿಲ ಬಳಿ ಮೇಜಿನ ಮೇಲಿವೆ. ಮೇಲಿನ ಲೈನಿನ ಪುಸ್ತಕದಲ್ಲಿ ಮೊದಲ ವರ್ತಮಾನ ಆಗಲೇ ಬಿದ್ದಿದೆ. ಮೂವತ್ತೊಂದು ವರುಷ ಚಹಾ ಕಿತ್ತ ಅಕ್ಕನೊಬ್ಬರಿಗೆ ಗ್ರಾಚ್ಯುಟಿ ಇನ್ನೂ ಸಿಕ್ಕಿಲ್ಲ. ಕೆಲಸ ಬಿಟ್ಟ ತಾರೀಕು ಮಾತ್ರ ಖಾಲಿ ಬಿಟ್ಟಿದ್ದಾರೆ. ಅಕ್ಕ ಇಲ್ಲೇ ಕುಳಿತಿದ್ದಾರೆ, ಚಹಾ ಕುಡಿಯುವಾಗ ಕೇಳಿ ತುಂಬಿಸಿರಿ.