ಲಾಗ್ ಇಲ್ಲದಿದ್ದರೆ ಕನ್ನಡಕ್ಕೆ ಸಾಕ್ಷಿಯೇ ಇಲ್ಲ!

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಂದ ಬಂದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)

ಬೆಳಗ್ಗೆ ಬಸ್ಸು, ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕೋಡ್ ಬರೆದು ರಾತ್ರಿ ಊರಿಗೆ ಹಿಂತಿರುಗುವವರು ನಿಮ್ಮಲ್ಲಿ ಹಲವರಿದ್ದೀರಿ. ಪಕ್ಕದ ಮನೆಯ ರೈತ ಬಂದು, "ಏನಪ್ಪಾ, ಫೋನಿನಲ್ಲಿ ಕನ್ನಡದಲ್ಲಿ ಹೆಸರು ಹಾಕಿದರೆ ತಗೊಳ್ಳೋದೇ ಇಲ್ಲವಲ್ಲ" ಎಂದು ಕೇಳುತ್ತಾನೆ. ನೀವೇನು ಹೇಳುತ್ತೀರಿ? "ಸರ್ವರ್ ಡೌನ್ ಇರಬೇಕು" ಎನ್ನುತ್ತೀರಿ. ಡೌನ್ ಆಗಿದ್ದನ್ನು ಕಂಡವರು ಯಾರು? ಅದು ಎಲ್ಲಿ ಬರೆದಿದೆ? ಬರೆದಿಲ್ಲವೆಂದರೆ ತಪ್ಪು ಯಾರ ತಲೆಗೆ? ರೈತನ ತಲೆಗೆ! ಆಮೇಲೆ ಕನ್ನಡದ ತಲೆಗೆ! "ಇಂಗ್ಲಿಷಿನಲ್ಲಿ ಹಾಕಿ, ಸರಿಹೋಗುತ್ತದೆ" ಎಂಬ ಸಲಹೆ ಹುಟ್ಟುವುದು ಇಲ್ಲಿಂದಲೇ.

ಇವತ್ತು ಬಹಳಷ್ಟು ಸೇವೆಗಳು ಸರ್ವರ್‌ಲೆಸ್ ಫಂಕ್ಷನ್‌ಗಳ ಮೇಲೆ ನಡೆಯುತ್ತವೆ. ಅಮೆಜಾನ್ 2014ರಲ್ಲಿ ಲ್ಯಾಂಬ್ಡಾ ತಂದಿತು. ಗೂಗಲ್, ಮೈಕ್ರೋಸಾಫ್ಟ್ ಹಿಂಬಾಲಿಸಿದವು. ಸರ್ವರ್‌ಲೆಸ್ ಎಂದರೆ ಸರ್ವರ್ ಇಲ್ಲ ಎಂದಲ್ಲ, ನೀವು ಕಾಯಬೇಕಾದ ಸರ್ವರ್ ಇಲ್ಲ ಎಂದು. ಕರೆ ಬಂದಾಗ ಫಂಕ್ಷನ್ ಏಳುತ್ತದೆ, ಕೆಲಸ ಮಾಡುತ್ತದೆ. ಮುಂದಿನ ಕರೆಗೆಂದು ಅದರ ಜಾಗವನ್ನು ಸ್ವಲ್ಪ ಹೊತ್ತು ಉಳಿಸಿಕೊಳ್ಳಬಹುದು, ಆಮೇಲೆ ಅದೂ ಹೋಗುತ್ತದೆ. ಕೆಟ್ಟ ಯಂತ್ರವನ್ನು ಬಿಚ್ಚಿ ನೋಡುತ್ತೇನೆಂದರೆ ಯಂತ್ರವೇ ಇರುವುದಿಲ್ಲ! ಉಳಿಯುವುದು ಅದು ಬರೆದಿಟ್ಟ ಲಾಗ್ ಒಂದೇ.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವಲ್ಲ. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ನಂಬರು ಹಾಕಿ ಪ್ರಕಟಿಸಿದರು. ದತ್ತಿ ಕೊಟ್ಟವನೂ ಇಲ್ಲ, ಪಡೆದವನೂ ಇಲ್ಲ. ಯಾರು, ಯಾವಾಗ, ಯಾರಿಗೆ, ಏನು ಕೊಟ್ಟರು ಎಂಬುದು ಮಾತ್ರ ಕಲ್ಲಿನ ಮೇಲಿದೆ. ಒಳ್ಳೆಯ ಲಾಗ್ ಸಾಲು ಹೇಳಬೇಕಾದದ್ದೂ ಅಷ್ಟೇ: ಸಮಯ, ಕರೆಯ ಗುರುತು ಸಂಖ್ಯೆ, ಯಾವ ಹಂತ, ಏನಾಯಿತು.

ಲಾಗ್ ಎಲ್ಲಿರುತ್ತದೆ?

ಲ್ಯಾಂಬ್ಡಾದಲ್ಲಿ ನೀವು ಪ್ರಿಂಟ್ ಮಾಡಿದ್ದೆಲ್ಲ ಕ್ಲೌಡ್‌ವಾಚ್ ಲಾಗ್ಸ್‌ಗೆ ಹೋಗುತ್ತದೆ. ಫಂಕ್ಷನ್ನಿಗೊಂದು ಲಾಗ್ ಗ್ರೂಪ್. ಅದರೊಳಗೆ, ಓಡಿದ ಒಂದೊಂದು ಜಾಗಕ್ಕೆ ಒಂದೊಂದು ಲಾಗ್ ಸ್ಟ್ರೀಮ್. ಏಕಕಾಲಕ್ಕೆ ನೂರು ಕರೆ ಬಂದರೆ ಸಾಲುಗಳು ಹತ್ತಾರು ಸ್ಟ್ರೀಮ್‌ಗಳಲ್ಲಿ ಚೆದುರಿರುತ್ತವೆ. ಒಂದೊಂದನ್ನೇ ತೆರೆದು ಹುಡುಕುತ್ತ ಕೂರಬೇಡಿ. ಲಾಗ್ಸ್ ಇನ್‌ಸೈಟ್ಸ್‌ನಲ್ಲಿ ರಿಕ್ವೆಸ್ಟ್ ಐಡಿ ಕೊಟ್ಟು ಹುಡುಕಿ. ಓಡುತ್ತಿರುವಾಗಲೇ ನೋಡಬೇಕೆಂದರೆ ಟರ್ಮಿನಲ್‌ನಲ್ಲಿ ಲಾಗ್ಸ್ ಟೇಲ್ ಆದೇಶ ಬಳಸಿ.

ಲಾಗ್ ಒಂದು ಸಾಲೂ ಬಂದಿಲ್ಲವೇ? ಮೊದಲು ಫಂಕ್ಷನ್ನಿನ ರೋಲ್ ನೋಡಿ. ಲಾಗ್ ಬರೆಯುವ ಅನುಮತಿಯನ್ನೇ ಕೊಟ್ಟಿರಲಿಕ್ಕಿಲ್ಲ. ಅರ್ಧಕ್ಕೇ ನಿಂತಿದೆಯೇ? ಲ್ಯಾಂಬ್ಡಾದ ಕಾಲಮಿತಿ ನೀವು ಬದಲಿಸದಿದ್ದರೆ ಬರೀ 3 ಸೆಕೆಂಡು, ಬದಲಿಸಿದರೂ ಹೆಚ್ಚೆಂದರೆ 15 ನಿಮಿಷ. ಆದ್ದರಿಂದ ಹೊರಗಿನ ಡೇಟಾಬೇಸನ್ನು ಕರೆಯುವ ಮೊದಲೇ "ಈಗ ಕರೆಯುತ್ತಿದ್ದೇನೆ" ಎಂದು ಒಂದು ಸಾಲು ಬರೆಯಿರಿ. ಕೆಲಸ ಮುಗಿದ ಮೇಲೆ ಬರೆಯುತ್ತೇನೆಂದರೆ, ಮುಗಿಯದೇ ಸತ್ತ ಫಂಕ್ಷನ್ ಎಲ್ಲಿ ಸತ್ತಿತೆಂದು ಹೇಳುವವರಿಲ್ಲ.

ಗಡಿಯಾರವನ್ನೂ ನೋಡಿ. ಲಾಗ್‌ನ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೊರಟ ರೈತ ಬೆಳಗಿನ ಜಾವ ನಾಲ್ಕೂವರೆಗೆ ದರ ಕೇಳಿದನೆನ್ನಿ. ಲಾಗ್‌ನಲ್ಲಿ ಅದು ಹಿಂದಿನ ದಿನದ ರಾತ್ರಿ 11 ಗಂಟೆ! ಇವತ್ತಿನ ತಾರೀಖಿನಲ್ಲಿ ಹುಡುಕಿ "ಅಂಥ ಕರೆಯೇ ಬಂದಿಲ್ಲ" ಎಂದರೆ ರೈತನನ್ನು ಸುಳ್ಳುಗಾರನನ್ನಾಗಿ ಮಾಡಿದಂತೆ.

ಕನ್ನಡ ಎಲ್ಲಿ ಕೆಡುತ್ತದೆ?

ಲಾಗ್‌ನಲ್ಲಿ ಕನ್ನಡ ಕೆಟ್ಟು ಕಾಣುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ಎಲ್ಲವನ್ನೂ ಸೇರಿಸಿ "ಕನ್ನಡ ಸಪೋರ್ಟ್ ಇಲ್ಲ" ಎಂದುಬಿಡಬೇಡಿ.

ಖಾಲಿ ಚೌಕ ಕಂಡರೆ ಅಕ್ಷರ ಸರಿಯಿದೆ, ನೋಡುವ ಯಂತ್ರದಲ್ಲಿ ಫಾಂಟ್ ಇಲ್ಲ. ಓರೆಗೆರೆ, ಯು, ನಾಲ್ಕು ಅಂಕಿ-ಅಕ್ಷರ ಹೀಗೆ ಸಾಲುಸಾಲು ಕಂಡರೆ ಕನ್ನಡ ವೇಷ ಹಾಕಿದೆ, ಹೋಗಿಲ್ಲ. ಪೈಥಾನ್‌ನ ಜೇಸನ್ ಡಂಪ್ಸ್ ತಾನಾಗಿಯೇ ಹೀಗೆ ಮಾಡುತ್ತದೆ. ಎನ್‌ಶ್ಯೂರ್ ಆಸ್ಕಿ ಎಂಬುದನ್ನು ಫಾಲ್ಸ್ ಮಾಡಿದರೆ ಲಾಗ್‌ನಲ್ಲಿ ಕನ್ನಡ ಕನ್ನಡವಾಗಿಯೇ ಬರುತ್ತದೆ. ನೆತ್ತಿಯ ಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳು ಕಂಡರೆ, ಯುಟಿಎಫ್-8ರಲ್ಲಿ ಬರೆದದ್ದನ್ನು ಯಾರೋ ಲ್ಯಾಟಿನ್-1 ಎಂದು ಓದುತ್ತಿದ್ದಾರೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಎಚ್ಚರ! ಕನ್ನಡ ತಿಳಿಯದ ಅಕ್ಷರ ವ್ಯವಸ್ಥೆಯೊಂದು ನಡುವೆ ಕೂತು ಅಕ್ಷರವನ್ನೇ ಅಳಿಸಿಹಾಕಿದೆ. ಅದು ವಾಪಸ್ ಬರುವುದಿಲ್ಲ. ಇದು ಯಾವ ಹಂತದಲ್ಲಿ ಆಯಿತೆಂದು ತಿಳಿಯಲು ಪ್ರತಿ ಹಂತದ ಲಾಗ್ ಬೇಕು.

ಇನ್ನೊಂದು, ಜಾಗದ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. "ಶ್ರೀನಿವಾಸಪುರ" ಎಂಬುದರಲ್ಲಿ 12 ಸಂಕೇತ, ಅಂದರೆ 36 ಬೈಟ್. ಇಂಗ್ಲಿಷಿನಲ್ಲಿ 11 ಸಾಕು. ಊರಿನ ಹೆಸರಿಗೆ 30 ಬೈಟ್ ಜಾಗ ಇಟ್ಟವನಿಗೆ ಮಾಲೂರು ಹಿಡಿಸುತ್ತದೆ, ಮುಳಬಾಗಿಲೂ ಹಿಡಿಸುತ್ತದೆ, ಶ್ರೀನಿವಾಸಪುರ ಹಿಡಿಸುವುದಿಲ್ಲ. ತಪ್ಪು ಮಾವು ಬೆಳೆಗಾರನದೇ?

ಕಣ್ಣಿಗೆ ಕಾಣದ ತೊಂದರೆಯೂ ಒಂದಿದೆ. "ಕೋಲಾರ" ಎಂಬುದರ "ಕೋ" ನೋಡಿ. ಅದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. "ಶ್ರೀ"ಯ ದೀರ್ಘವೂ ಹೀಗೆಯೇ. ಮಾಲೂರು, ಮುಳಬಾಗಿಲು ಎಂದು ಹುಡುಕಿದರೆ ಸಿಗುತ್ತದೆ, ಕೋಲಾರ, ಶ್ರೀನಿವಾಸಪುರ ಎಂದರೆ ಕೆಲವು ಸಾಲು ತಪ್ಪಿಹೋಗುತ್ತವೆ! ಮದ್ದು ಸುಲಭ: ಒಳಗೆ ಬಂದ ಕನ್ನಡವನ್ನೆಲ್ಲ ಮೊದಲೇ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಆಮೇಲೆ ಉಳಿಸಿ, ಆಮೇಲೆ ಹುಡುಕಿ.

ಏನು ಬರೆಯಬಾರದು?

ಸಾಕ್ಷಿ ಬೇಕೆಂದು ಜನರ ಗುಟ್ಟನ್ನು ಬಯಲಿಗಿಡಬೇಡಿ. ಆಧಾರ್ ಸಂಖ್ಯೆ, ಫೋನ್ ನಂಬರು, ಓಟಿಪಿ ಲಾಗ್‌ಗೆ ಹೋಗಕೂಡದು. ವೈಯಕ್ತಿಕ ದತ್ತಾಂಶ ಕಾಪಾಡಲು 2023ರಲ್ಲೇ ಸಂಸತ್ತು ಕಾಯ್ದೆ ಮಾಡಿದೆ. ರೈತನ ಹೆಸರು ಎಡವಿದರೆ ಹೆಸರನ್ನು ಬರೆಯಬೇಡಿ. ಯಾವ ಅಂಕಣ, ಎಷ್ಟು ಬೈಟ್, ಎಷ್ಟನೆಯ ಸಂಕೇತದಲ್ಲಿ ಎಡವಿತು ಎಂದು ಬರೆಯಿರಿ. ದುರಸ್ತಿಗೆ ಅಷ್ಟು ಸಾಕು.

ಎಷ್ಟು ದಿನ ಇಡಬೇಕು? ಕೇಂದ್ರದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೇವೆ ಕೊಡುವ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ 180 ದಿನಗಳ ಲಾಗ್ ಇಟ್ಟಿರಬೇಕೆಂದು ಹೇಳಿದೆ. ಕ್ಲೌಡ್‌ವಾಚ್ ನೀವು ಹೇಳದಿದ್ದರೆ ಎಂದೂ ಅಳಿಸುವುದಿಲ್ಲ, ಬಿಲ್ಲು ಬೆಳೆಯುತ್ತಲೇ ಇರುತ್ತದೆ. ಗೂಗಲ್‌ನಲ್ಲಿ ಸಾಮಾನ್ಯ ಲಾಗ್ 30 ದಿನಕ್ಕೇ ಹೋಗುತ್ತದೆ. ಎರಡು ಕಡೆಯೂ ದಿನದ ಲೆಕ್ಕವನ್ನು ನೀವೇ ಗೊತ್ತುಮಾಡಿ.

ಗೆಳೆಯರೇ, ಕನ್ನಡದಲ್ಲಿ ಸೇವೆ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಆ ಸೇವೆ ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ತೋರಿಸಿ ರಿಪೇರಿ ಮಾಡುವುದು ಕಲಿತ ನಿಮ್ಮ ಹೊಣೆ. ನಾಳೆ ಆಫೀಸಿಗೆ ಹೋದವರೇ ನಿಮ್ಮ ಫಂಕ್ಷನ್ನಿಗೆ "ಕೋಲಾರ", "ಶ್ರೀನಿವಾಸಪುರ" ಎಂದು ಕನ್ನಡದಲ್ಲೇ ಕಳಿಸಿ. ಲಾಗ್ ತೆರೆಯಿರಿ. ಹೋದ ಹಾಗೆಯೇ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಎಲ್ಲಿ ತಪ್ಪಿತೆಂದು ರಿಕ್ವೆಸ್ಟ್ ಐಡಿ ಸಮೇತ ಮೇಲಿನವರ ಮುಂದಿಡಿ. ಪುರಾವೆ ಎದುರಿಗಿದ್ದಾಗ "ಕನ್ನಡ ಆಗುವುದಿಲ್ಲ" ಎಂದು ಯಾರೂ ಸುಲಭವಾಗಿ ಹೇಳಲಾರರು.