ನ್ಯಾಯವಾದ ವರದಿಗೆ ಸಲ್ಲಬೇಕಾದ ಕೃತಜ್ಞತೆ
(ಪುಣೆಯಲ್ಲಿ ಕನ್ನಡ ಜೈನ ಬಂಧುಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)

2025ರ ಅಕ್ಟೋಬರ್‌ನಲ್ಲಿ ಪುಣೆಯ ಮಾಡೆಲ್ ಕಾಲೊನಿಯ ಸೇಠ್ ಹಿರಾಚಂದ್ ನೇಮಚಂದ್ ದಿಗಂಬರ ಜೈನ ಬೋರ್ಡಿಂಗ್‌ನ ಭೂಮಿಯ ಮಾರಾಟವು ವಿವಾದಕ್ಕೆ ಒಳಗಾಯಿತು. ಆಗ ಜೈನ ಸಮಾಜವು ಪತ್ರಿಕೆಗಳಿಂದ ಬಯಸಿದ್ದು ಹೆಚ್ಚೇನಲ್ಲ. ದಾಖಲೆಗಳನ್ನು ನೋಡಿ ಬರೆಯಬೇಕು, ಅಲ್ಲಿ ವಾಸಿಸುವ ವಿದ್ಯಾರ್ಥಿಗಳ ಮಾತನ್ನೂ ಕೇಳಬೇಕು ಎಂಬುದಿಷ್ಟೇ. ಸುದ್ದಿ ಬಯಲಿಗೆ ಬಂದಿತು, ಧರ್ಮಾದಾಯ ಆಯುಕ್ತರು ಯಥಾಸ್ಥಿತಿಗೆ ಆದೇಶಿಸಿದರು, ಕಡೆಗೆ ವ್ಯವಹಾರವೇ ರದ್ದಾಯಿತು. ನ್ಯಾಯವಾದ ವರದಿಯ ಬೆಲೆ ಏನೆಂಬುದನ್ನು ಪುಣೆಯ ಜೈನರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ತನಗೆ ಕಷ್ಟ ಬಂದಾಗ ನ್ಯಾಯವಾದ ವರದಿಯನ್ನು ಬಯಸುವ ಸಮಾಜವು, ಅದೇ ನ್ಯಾಯ ಪ್ಯಾಲೆಸ್ಟೀನಿನ ಜನರಿಗೆ ದೊರೆತಾಗ ಮೌನವಾಗಿರಬಹುದೇ?

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಮಿಥ್ಯೋಪದೇಶ, ಇನ್ನೊಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ. ವ್ಯಾಪಾರಿಗಳ ಸಮಾಜವು ಇದನ್ನು ಬಹುಕಾಲ ಖೋಟಾ ಪತ್ರ, ಖೋಟಾ ಲೆಕ್ಕಗಳಿಗೆ ಮಾತ್ರ ಅನ್ವಯಿಸಿಕೊಂಡು ಬಂದಿದೆ. ಮೊಬೈಲಿನಲ್ಲಿ ಬಂದ ಸುಳ್ಳನ್ನು ಹತ್ತು ಬಳಗಗಳಿಗೆ ರವಾನಿಸುವುದೂ ಕೂಟಲೇಖವೇ ಎಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಒಂದು ಉದಾಹರಣೆಯನ್ನು ನೋಡಬಹುದು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾದರು. ಅವರಲ್ಲಿ ನಾಲ್ಕು ವರ್ಷದ ಒಬ್ಬ ಬಾಲಕನಿದ್ದನು. ಕೆಲವೇ ದಿನಗಳಲ್ಲಿ ಗಾಜಾದ ಮೇಲಿನ ದಾಳಿಯಲ್ಲಿ ಹೆಚ್ಚು ಕಡಿಮೆ ಅದೇ ಹೆಸರಿನ, ಅದೇ ವಯಸ್ಸಿನ ಇನ್ನೊಬ್ಬ ಬಾಲಕನು ಸತ್ತನು. ಸಾಮಾಜಿಕ ಜಾಲಗಳಲ್ಲಿ ಮೊದಲನೆಯವನನ್ನು ನಟನೆಂದೂ ಎರಡನೆಯವನ ಶವವನ್ನು ಗೊಂಬೆಯೆಂದೂ ಜರೆದರು. ಬಿಬಿಸಿಯ ವರದಿಯು ಇಬ್ಬರೂ ನಿಜವಾದ ಮಕ್ಕಳು, ಇಬ್ಬರ ಸಾವೂ ನಿಜವೆಂದು ತೋರಿಸಿಕೊಟ್ಟಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನದ ಇಂಥ ಬರವಣಿಗೆಯು ಅನೇಕಾಂತದ ಲೌಕಿಕ ರೂಪವೇ ಆಗಿದೆ. ಭಾರತದಲ್ಲಿ ಆಲ್ಟ್ ನ್ಯೂಸ್, ಬೂಮ್ ಮುಂತಾದ ಸಂಸ್ಥೆಗಳು ಈ ಯುದ್ಧದ ನಕಲಿ ಚಿತ್ರಗಳನ್ನೂ ದೃಶ್ಯಗಳನ್ನೂ ಒಂದೊಂದಾಗಿ ಪರೀಕ್ಷಿಸಿ ಬಯಲಿಗೆಳೆದವು. ಇವರೆಲ್ಲರೂ ಕೃತಜ್ಞತೆಗೆ ಅರ್ಹರು.

ಸುಳ್ಳಿನ ಫಲ ಎಷ್ಟು ಘೋರವೆಂಬುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕಂಡುಬಂದಿತು. 2023ರ ಅಕ್ಟೋಬರ್ 14ರಂದು ಆರು ವರ್ಷದ ಪ್ಯಾಲೆಸ್ಟೀನಿ-ಅಮೆರಿಕನ್ ಬಾಲಕನನ್ನು ಮನೆಯ ಮಾಲೀಕನೇ ಇರಿದು ಕೊಂದನು. ಯುದ್ಧದ ಸುದ್ದಿಯನ್ನು ಆತ ರೇಡಿಯೋದಲ್ಲಿ ಬಿಡದೆ ಕೇಳುತ್ತಿದ್ದನೆಂದು ಪ್ರಾಸಿಕ್ಯೂಷನ್ ನ್ಯಾಯಾಲಯಕ್ಕೆ ತಿಳಿಸಿತು. 2025ರಲ್ಲಿ ಆತನಿಗೆ 53 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಪ್ಯಾಲೆಸ್ಟೀನಿಯರ ವಿರುದ್ಧದ ಜನಾಂಗದ್ವೇಷವು ಹತ್ಯೆಯಲ್ಲಿ ಮಾತ್ರ ಇರುವುದಲ್ಲ. 1948ರಲ್ಲಿ ಸುಮಾರು ಏಳು ಲಕ್ಷ ಜನ ಮನೆಮಠ ಕಳೆದುಕೊಂಡುದನ್ನು ಅಲ್ಲಗಳೆಯುವುದು, ಅವರ ಪರವಾಗಿ ಮಾತನಾಡಿದವರೆಲ್ಲರನ್ನೂ ಭಯೋತ್ಪಾದಕರ ಬೆಂಬಲಿಗರೆಂದು ಕರೆಯುವುದು, ಇವೂ ಅದರ ರೂಪಗಳೆಂದು ಕೆನಡಾದ ಅರಬ್ ವಕೀಲರ ಸಂಘವು 2022ರಲ್ಲಿ ವಿವರಿಸಿತು. ಇಂಥ ದ್ವೇಷವನ್ನು ಅದರ ಹೆಸರಿನಿಂದಲೇ ಕರೆಯುವ ಧೈರ್ಯ ಕೆಲವು ಪತ್ರಿಕೆಗಳಿಗಾದರೂ ಇದೆ.

ಈ ಸುದ್ದಿಯನ್ನು ತರುವವರು ಪ್ರಾಣವನ್ನೇ ತೆತ್ತಿದ್ದಾರೆ. ಪತ್ರಕರ್ತರ ರಕ್ಷಣಾ ಸಮಿತಿಯ ಲೆಕ್ಕದಂತೆ 2024ರಲ್ಲಿ ಜಗತ್ತಿನಾದ್ಯಂತ ಕನಿಷ್ಠ 124 ಪತ್ರಕರ್ತರೂ ಮಾಧ್ಯಮ ನೌಕರರೂ ಹತರಾದರು; ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನರ ಸಾವಿಗೆ ಇಸ್ರೇಲ್ ಕಾರಣ. ಹೊರಗಿನ ವರದಿಗಾರರಿಗೆ ಗಾಜಾದೊಳಗೆ ಸ್ವತಂತ್ರ ಪ್ರವೇಶ ನಿರಾಕರಿಸಿದ್ದರಿಂದ ಸ್ಥಳೀಯ ಪತ್ರಕರ್ತರೇ ಲೋಕದ ಕಣ್ಣಾದರು.

ಇದು ಪುಣೆಗೆ ಹೊಸ ವಿಷಯವಲ್ಲ. 1933ರಲ್ಲಿ ಪುಣೆಯಲ್ಲೇ ಆರಂಭವಾದ ‘ಹರಿಜನ’ ಪತ್ರಿಕೆಯ 1938ರ ನವೆಂಬರ್ 26ರ ಸಂಚಿಕೆಯಲ್ಲಿ ಗಾಂಧೀಜಿ ಯಹೂದಿಗಳ ಯಾತನೆಗೆ ಮರುಗುತ್ತಲೇ, ಅರಬರ ನೆಲವನ್ನು ಅವರ ಇಚ್ಛೆಗೆ ವಿರುದ್ಧವಾಗಿ ಬೇರೆಯವರಿಗೆ ಕೊಡುವುದು ಅನ್ಯಾಯವೆಂದು ಬರೆದರು. ಆ ಲೇಖನದಲ್ಲಿ ಜರ್ಮನಿಯ ಯಹೂದಿಗಳಿಗೆ ನೀಡಿದ ಸಲಹೆಯನ್ನು ಮಾರ್ಟಿನ್ ಬೂಬರ್ ಕಟುವಾಗಿ ಟೀಕಿಸಿದರೆಂಬುದೂ ನಿಜ. ಇದೇ ಊರಿನ ಕ್ಯಾಂಪಿನಲ್ಲಿ ಡೇವಿಡ್ ಸಸೂನ್ ಕಟ್ಟಿಸಿದ ಯಹೂದಿ ಪ್ರಾರ್ಥನಾ ಮಂದಿರವನ್ನು ಜನರು ಇಂದಿಗೂ ‘ಲಾಲ್ ದೇವುಳ್’ ಎಂದು ಪ್ರೀತಿಯಿಂದ ಕರೆಯುತ್ತಾರೆ. ಪ್ಯಾಲೆಸ್ಟೀನಿಯರಿಗೆ ನ್ಯಾಯ ಕೇಳಲು ಯಹೂದಿಗಳನ್ನು ದ್ವೇಷಿಸಬೇಕಾಗಿಲ್ಲ. ದ್ವೇಷಿಸಿದರೆ ಅದೂ ಹಿಂಸೆಯೇ.

ದೂರದ ಯುದ್ಧದ ಗೊಡವೆ ಏಕೆಂದು ಕೇಳುವವರಿದ್ದಾರೆ. 2025ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ, ಗಾಜಾ ಕುರಿತ ಪ್ರತಿಭಟನೆಗೆ ಅನುಮತಿ ಕೇಳಿದ ಪಕ್ಷವೊಂದಕ್ಕೆ, ಮೊದಲು ಸ್ವದೇಶದ ಸಮಸ್ಯೆಗಳನ್ನು ನೋಡಿರೆಂಬ ಅರ್ಥದ ಮಾತನ್ನು ಹೇಳಿತು. ಆದರೆ ಇರುವೆಯ ಮೇಲೂ ಕಾಲಿಡದಂತೆ ನಡೆಯಲು ಕಲಿಸಿದ ಧರ್ಮವು ಕರುಣೆಗೆ ಪಾಸ್‌ಪೋರ್ಟ್ ಕೇಳಿಲ್ಲ.

ಆದ್ದರಿಂದ ಪ್ರತಿ ಕುಟುಂಬವೂ ಮೂರು ಕೆಲಸಗಳನ್ನು ಮಾಡಬಹುದು. ಪ್ಯಾಲೆಸ್ಟೀನಿಯರ ಬದುಕನ್ನು ನಿಷ್ಪಕ್ಷಪಾತವಾಗಿ ಬರೆದ ಪತ್ರಿಕೆಗೆ, ಅದು ಕನ್ನಡದ್ದಿರಲಿ, ಮರಾಠಿಯದ್ದಿರಲಿ, ಇಂಗ್ಲಿಷಿನದ್ದಿರಲಿ, ಒಂದು ಧನ್ಯವಾದ ಪತ್ರ ಬರೆಯುವುದು. ಸಾಧ್ಯವಿದ್ದರೆ ಅದಕ್ಕೆ ಚಂದಾ ಕೊಡುವುದು. ತಾನೇ ಸುಳ್ಳನ್ನು ರವಾನಿಸಿದ್ದರೆ, ಅದೇ ಬಳಗದಲ್ಲಿ, ಅದೇ ಜನರ ಮುಂದೆ ತಿದ್ದುಪಡಿಯನ್ನೂ ಹಾಕುವುದು. ಸಂಪಾದಕರಿಗೆ ಬೈಗುಳದ ಪತ್ರಗಳು ಕೇಳದೆಯೇ ಬರುತ್ತವೆ. ವಂದನೆಯ ಪತ್ರಗಳು ಬರುವುದು ಅಪರೂಪ. ಪರ್ಯೂಷಣದ ಕೊನೆಯಲ್ಲಿ ಸಕಲ ಜೀವಿಗಳಲ್ಲಿ ಕ್ಷಮೆ ಕೇಳುವ ಸಮಾಜಕ್ಕೆ ಈ ತಿದ್ದುಪಡಿಯೂ ಈ ವಂದನೆಯೂ ಕಠಿಣವಾಗಲಾರವು.